ರೇಣುಕಯ್ಯನ ಕಾರಿಗೆ ಪರದೆ

ಕೊಡಿಗೇನಹಳ್ಳಿಯಲ್ಲಿ ಇಳಿದು ರೇಣುಕಯ್ಯನ ಮನೆ ಎಲ್ಲಿ ಅಂತ ಯಾರನ್ನಾದರೂ ಕೇಳಿದರೆ, ದಾರಿ ತೋರಿಸುವ ಮುಂಚೆ ಒಂದು ನಗೆ ನಕ್ಕು, "ಕಾರಿಟ್ಕೊಂಡು ಬಸ್ಸಿಗೆ ಕಾಯೋರ ಮನೆ ತಾನೆ? ಇಂಗೇ ನೆಟ್ಟಗೆ ಹೋಗಿ" ಅನ್ನುತ್ತಿದ್ದರು. ಎದುರುಗಡೆ ಅಂಗಡಿ ಇಟ್ಟಿದ್ದ ಪರ್ವತಯ್ಯನಂತೂ ಅದನ್ನೇ ಪಾಠ ಮಾಡಿಕೊಂಡಿದ್ದ. ಬೆಲ್ಲ ತೂಗುತ್ತಾ, ಬೀಡಿ ಕಟ್ಟು ಎತ್ತಿ ಕೊಡುತ್ತಾ, "ನಮ್ಮ ರೇಣುಕಯ್ಯನ ಕಾರು ಬೀದಿಗಿಳಿದ ದಿನ ಕತ್ತೆಗೆ ಕೊಂಬು ಬಂದಿರ್ತವೆ ಬುಡಿ" ಅನ್ನುವನು. ರೇಣುಕಯ್ಯನ ಕಿವಿಗೆ ಬೀಳಲಿ ಅಂತಲೇ ಅನ್ನುವನು. ಶೆಡ್ಡಿನ ಒಳಗಿಂದ ರೇಣುಕಯ್ಯ, "ಮೊದ್ಲು ನಿನ್ನ ತಲೆ ಮುಟ್ಟಿ ನೋಡ್ಕಳಯ್ಯ, ಬಂದಾವೇನೋ" ಅನ್ನುವನು.

ಆ ಕಾರು ಷೋರೂಮಿನಲ್ಲಿ ಕೊಂಡ ಕಾರಲ್ಲ. ತಳಕ್ಕೆ ಒಂದು ಹಳೆಯ ಜೀಪು, ಅದರ ಕಾಗದಪತ್ರ ಸಮೇತ. ಮೇಲಿನ ಮೈ ಕೊಯಮತ್ತೂರಿನ ಕಡೆಯಿಂದ ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದದ್ದು. ಎಲ್ಲವನ್ನೂ ಸೇರಿಸಿ ಬೋಲ್ಟು ಬಿಗಿದರೆ, ತಲೆಯ ಮೇಲೆ ಬಟ್ಟೆಯ ಛಾವಣಿ, ಎರಡೂ ಪಕ್ಕ ಬಟಾಬಯಲಾದ ಹಳೆಯ ಕಾಲದ ಚಿಕ್ಕ ಕಾರೊಂದು ಎದ್ದು ನಿಲ್ಲಬೇಕು. ರೇಣುಕಯ್ಯ ಪಂಪ್‌ಸೆಟ್ ರಿಪೇರಿಯವನು. ಕಬ್ಬಿಣ ಅವನ ಮಾತು ಕೇಳುತ್ತಿತ್ತು. ಮನಸ್ಸು ಮಾಡಿದ್ದರೆ ಒಂದು ಬೇಸಿಗೆಯಲ್ಲಿ ಮುಗಿಯುತ್ತಿತ್ತೇನೋ. ಆದರೆ ಕಡಲೆಕಾಯಿ ಕಟ್ಟುವ ಹೊತ್ತಿಗೆ ಯಾರದೋ ಮೋಟರು ಕೈಕೊಟ್ಟು, "ಮಧುಗಿರಿಯಿಂದ ಸಾಮಾನು ಬರೋಗಂಟ ಪೈರು ತಡೆಯಲ್ಲ ಕಣಣ್ಣ" ಅಂತ ಅವನು ಬಂದು ನಿಂತರೆ, ನಿನ್ನೆ ತಾನೇ ಕಾರಿಗೆ ಬಿಗಿದ ಬೋಲ್ಟನ್ನು ಇವನು ಬಿಚ್ಚಿ ಕೊಟ್ಟುಬಿಡುವನು. ಹೀಗೆ ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ವರ್ಷಗಳು ಉರುಳಿದವು.

ಹೆಂಡತಿ ಇಂದ್ರಮ್ಮ ಪಡಸಾಲೆಯಲ್ಲಿ ಮಿಷಿನ್ ಇಟ್ಟುಕೊಂಡು ಊರಿನ ಹೆಂಗಸರಿಗೆ ರವಿಕೆ ಹೊಲಿಯುವವಳು. ಯಾರಾದರೂ ಕಾರಿನ ಮಾತೆತ್ತಿದರೆ, "ಅದು ನಾಲ್ಕೂರ ತೋಟದಾಗೂ ಓಡ್ತಾ ಅದೆ ಕಣವ್ವ, ನಮ್ಮನೇಲಿ ಮಾತ್ರ ನಿಂತದೆ" ಅನ್ನುವಳು. ಆ ಮಾತಿನಲ್ಲಿ ಬೇಸರವೂ ಇತ್ತು, ಅದರ ಅಡಿಯಲ್ಲಿ ಒಂದು ಚೂರು ಹೆಮ್ಮೆಯೂ ಇತ್ತು.

ರೇಣುಕಯ್ಯನಿಗೆ ಒಬ್ಬಳೇ ಅಕ್ಕ, ಗಂಗಲಕ್ಷ್ಮಮ್ಮ. ಕೊಟ್ಟದ್ದು ವೈ.ಎನ್.ಹೊಸಕೋಟೆಗೆ. ಹುಡುಗನಾಗಿದ್ದಾಗ ಅವನು ಅಕ್ಕನ ಮನೆಯಲ್ಲೇ ಉಂಡು, ಅಲ್ಲಿನ ಕಡಲೆಕಾಯಿ ಸಿಪ್ಪೆ ಬಿಡಿಸುವ ಮಿಲ್ಲಿನಲ್ಲಿ ದುಡಿದವನು. ಪ್ರತಿ ವರ್ಷ ಗೌರಿಹಬ್ಬಕ್ಕೆ ಅಕ್ಕನಿಗೆ ಬಾಗಿನ ಒಯ್ಯುವುದನ್ನು ತಪ್ಪಿಸಿದವನಲ್ಲ. ಮರದ ಪೆಟ್ಟಿಗೆಗಳು ಬಂದಿಳಿದ ವರ್ಷ ಬಸ್ಸಿನಲ್ಲಿ ಹೋಗಿ, "ಅಕ್ಕ, ಮುಂದಿನ್ಸಲ ನಿನ್ನ ಬಾಗಿನ ನನ್ನ ಕಾರಲ್ಲಿ ಬರ್ತದೆ" ಅಂದ. ಆಂಧ್ರದ ಗಡಿಯ ಗಾಳಿ ಕುಡಿದ ಗಂಗಲಕ್ಷ್ಮಮ್ಮ, "ನಿಜಮೇನಾ ತಮ್ಮ? ಹಂಗಾದ್ರೆ ಕಾರಲ್ಲೇ ರಾ. ಬಸ್ಸಲ್ಲಿ ತಂದ್ರೆ ನಾ ಮುಟ್ಟಲ್ಲ" ಅಂದಳು. ಅಂದಳೇ ಹೊರತು ಪ್ರತಿ ವರ್ಷ ಬಸ್ಸಲ್ಲಿ ಬಂದದ್ದನ್ನೇ ಮುಟ್ಟಿದಳು, ಮುಟ್ಟುವಾಗ ಒಂದು ಸಲ ಬಾಗಿಲಾಚೆ ಇಣುಕಿ, "ಕಾರೆಲ್ಲಿ ನಿಲ್ಸಿದ್ಯಪ್ಪ?" ಅಂತ ಕೇಳುವುದನ್ನು ಮಾತ್ರ ಬಿಡಲಿಲ್ಲ.

ಆಮೇಲೆ ರೇಣುಕಯ್ಯನಿಗೆ ಉಸಿರು ಕಟ್ಟತೊಡಗಿತು. ಮೊದಲು ಬಾವಿ ಮೆಟ್ಟಿಲು ಹತ್ತುವಾಗ, ಬರುಬರುತ್ತಾ ಮಾತಾಡುವಾಗ. ಎಂದೋ ಮಿಲ್ಲಿನಲ್ಲಿ ಕುಡಿದ ಸಿಪ್ಪೆಯ ದೂಳು ಎದೆಯಲ್ಲಿ ಮನೆ ಮಾಡಿಕೊಂಡಿದೆ ಅಂದರು ಮಧುಗಿರಿಯ ಡಾಕ್ಟರು. ಗುಣವಾಗುವ ಕಾಯಿಲೆಯಲ್ಲ, ದೂಳಿಗೆ, ಬೀಸುಗಾಳಿಗೆ ಮುಖ ಕೊಡಬೇಡಿ, ಬಸ್ಸಿನ ಆಸೆ ಬಿಡಿ ಅಂದರು.

ವಿಚಿತ್ರ ನೋಡಿ, ಕಾರು ಓಡುವಂತಾದದ್ದೂ ಆ ವರ್ಷವೇ. ಮಗ ಗೌರೀಶ್ ಅಪ್ಪನ ಕಸುಬನ್ನೇ ಹಿಡಿದವನು, ಪಕ್ಕದಲ್ಲಿ ನಿಂತು ಎಲ್ಲ ಬಿಗಿದ. ಇಂಜಿನ್ ಮಾತಾಡಿತು, ಚಕ್ರ ತಿರುಗಿತು. ಉಳಿದದ್ದು ಪಕ್ಕದ ಪರದೆಗಳು ಮಾತ್ರ. ಆಷಾಢದ ಗಾಳಿ ಶ್ರಾವಣ ಕಳೆದರೂ ಇಳಿದಿರಲಿಲ್ಲ. ರಸ್ತೆಯ ಕೆಂಪು ದೂಳೆಲ್ಲ ಎದ್ದು ಕುಣಿಯುತ್ತಿತ್ತು. ಗೌರಿಹಬ್ಬ ಹತ್ತಿರ ಬಂತು.

"ಈ ಸಲ ಗೌರೀಶ್ ಕೊಟ್ಟು ಬರ್ಲಿ ಬುಡ್ರೀ" ಅಂದಳು ಇಂದ್ರಮ್ಮ.

"ಬಾಗಿನ ಕೊಡೋನು ತಮ್ಮ ಕಣೇ, ತಮ್ಮನ ಮಗ ಅಲ್ಲ" ಅಂದ ರೇಣುಕಯ್ಯ. ಉಸಿರು ತಿರುಗಿಸಿಕೊಂಡು, "ಮುಂದಿನ ಗೌರಿಗೆ ನಾನಿರ್ತೀನಾ ಇಂದ್ರಿ? ನೀನೇ ಹೇಳು" ಅಂದ.

ಇಂದ್ರಮ್ಮ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಶೆಡ್ಡಿಗೆ ನಡೆದಳು.

ಗೌರೀಶ್ ಕಬ್ಬಿಣದ ಸರಳು ಬಗ್ಗಿಸಿ ಚೌಕಟ್ಟು ಮಾಡಿಕೊಟ್ಟ. ಶಿರಾದ ಅಂಗಡಿಯಿಂದ ಕರಿ ರೆಕ್ಸಿನ್ನೂ ಗಾಜಿನಂಥ ಪ್ಲಾಸ್ಟಿಕ್ ಹಾಳೆಯೂ ಬಂದವು. ಕೆಳಗರ್ಧ ರೆಕ್ಸಿನ್, ಮೇಲರ್ಧ ಹಾಳೆ, ಅಂಚಿಗೆಲ್ಲ ಟಿಚ್ ಬಟನ್. ರವಿಕೆ ಹೊಲಿಯುವ ಕೈಗೆ ಒಂದು ಅಭ್ಯಾಸವಿರುತ್ತದೆ: ಮೊದಲು ದೂರ ದೂರಕ್ಕೆ ಸೂಜಿ ಹಾಕಿ ಕಚ್ಚಾ ಹೊಲಿಗೆ, ತೊಡಿಸಿ ನೋಡುವುದು, ಸರಿ ಕಂಡ ಮೇಲೆ ಮಿಷಿನ್ನಿಗೆ ಕೊಡುವುದು, ಕಚ್ಚಾ ದಾರ ಕಿತ್ತು ಬಿಸಾಡುವುದು. ಬಟ್ಟೆಯ ಗುಣ ದೊಡ್ಡದು, ಸೂಜಿ ಹೋದ ದಾರಿಯನ್ನು ಅದು ಮರೆತುಬಿಡುತ್ತದೆ. ಇಂದ್ರಮ್ಮ ಮೊದಲನೆಯ ಪರದೆಯನ್ನು, ಗಂಡ ಕೂರುವ ಎಡಗಡೆಯದನ್ನು, ಹಾಗೆಯೇ ಹೊಲಿದು ದಾರ ಕಿತ್ತು ಕಾರಿಗೆ ಸಿಕ್ಕಿಸಿದಳು. ರೇಣುಕಯ್ಯ ಒಳಗೆ ಹೋಗಿ ಕೂತ. ಶೆಡ್ಡಿನ ಬಾಗಿಲಿನಿಂದ ಬಿಸಿಲು ಬೀಳುತ್ತಿತ್ತು. ಅವನ ತೊಡೆಯ ಮೇಲೆ ರಾಗಿ ಚೆಲ್ಲಿದ ಹಾಗೆ ಬೆಳಕಿನ ಚುಕ್ಕಿಗಳ ಸಾಲೊಂದು ಮೂಡಿತು. ರೆಕ್ಸಿನ್ ಏನನ್ನೂ ಮರೆತಿರಲಿಲ್ಲ.

"ಹಾಳು ಮಾಡ್ಬುಟ್ಟೆ ಕಣ್ರೀ" ಅಂದಳು ಇಂದ್ರಮ್ಮ. ಅಷ್ಟುದ್ದದ ಇನ್ನೊಂದು ತುಂಡು ಮನೆಯಲ್ಲಿರಲಿಲ್ಲ. ಶಿರಾಕ್ಕೆ ಹೋಗಿ ಬರೋಣವೆಂದರೆ ನಾಳೆ ಬೆಳಗಾದರೆ ಹಬ್ಬ. ಆ ತೂತುಗಳಲ್ಲಿ ಬರುವ ದೂಳು ತನ್ನ ಗಂಡನ ಎದೆಗೇ ಹೋಗುತ್ತದೆ ಅನ್ನುವುದೊಂದೇ ಅವಳಿಗೆ ಕಾಣುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು.

ರೇಣುಕಯ್ಯ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ, "ಜೀವಮಾನ ಎಲ್ಲ ತೂತು ಮುಚ್ಚಿದೋನು ನಾನು. ಇದ್ಯಾವ ಲೆಕ್ಕ? ಆ ಹಳೇ ಸೈಕಲ್ ಟ್ಯೂಬು ತಗಾ, ಸಲ್ಯೂಷನ್ ಡಬ್ಬಿ ತಗಾ" ಅಂದ.

"ಆ ವಾಸ್ನೆ ನಿಮಗಾಗಲ್ಲ. ಗೌರೀಶ್ ಅಂಟಿಸ್ಲಿ."

"ನಿನ್ನ ಹೊಲಿಗೆ ಕಣೆ ಅದು. ಬೇರೆಯೋರು ಯಾಕೆ ಮುಟ್ಬೇಕು?"

ಒದ್ದೆ ಟವಲನ್ನು ಮೂಗಿಗೆ ಕಟ್ಟಿಕೊಂಡ. ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಪಂಕ್ಚರ್ ಹಾಕುವ ಅಂಟು ಬಳಿದು, ಈ ತುದಿಯಿಂದ ಆ ತುದಿಯವರೆಗೆ ಹೆಬ್ಬೆರಳಿನಿಂದ ಒತ್ತುತ್ತಾ ಹೋದ. ಒತ್ತುವುದು, ನಿಲ್ಲುವುದು, ಉಸಿರಾಡುವುದು, ಮತ್ತೆ ಒತ್ತುವುದು. ಇಂದ್ರಮ್ಮ ಚೌಕಟ್ಟು ಹಿಡಿದುಕೊಂಡೇ ಇದ್ದಳು. ಬಲಗಡೆಯ ಪರದೆಗೆ ಅವಳು ಸೂಜಿ ಮುಟ್ಟಿಸಲಿಲ್ಲ. ಬಟ್ಟೆ ಒಣಗಿಸುವ ಕ್ಲಿಪ್ಪುಗಳಲ್ಲಿ ಕಚ್ಚಿಸಿಕೊಂಡು ಸೀದಾ ಮಿಷಿನ್ನಿಗೆ ಕೊಟ್ಟಳು. ದೀಪ ಹಚ್ಚುವ ಹೊತ್ತಿಗೆ ಎರಡೂ ಪರದೆ ಕಾರಿಗೆ ಕೂತಿದ್ದವು.

ಬೆಳಿಗ್ಗೆ ಕಾರು ಬೀದಿಗಿಳಿಯಿತು. ಪರ್ವತಯ್ಯ ಕರೆಯದೆಯೇ ಅಂಗಡಿಯಿಂದ ತೆಂಗಿನಕಾಯಿ ತಂದು ಚಕ್ರದ ಮುಂದೆ ಒಡೆದ. ಆಮೇಲೆ ತನ್ನ ತಲೆಯನ್ನು ತಾನೇ ತಡವಿಕೊಂಡು, "ಬಂದವೆ ಕಣಯ್ಯ ಕೊಂಬು, ಎರಡೂ ಬಂದವೆ" ಅಂದ. ಹಿಂದೆ ಬಾಗಿನದ ಮೊರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಇಂದ್ರಮ್ಮನಿಗೂ ನಗು ಬಂತು.

ಗೌರೀಶ್ ಓಡಿಸಿದ. ಎದುರಿಗೆ ಲಾರಿ ಬಂದಾಗಲೆಲ್ಲ ದೂಳು ಬಂದು ಹಾಳೆಗೆ ಬಡಿಯುವುದು, ಜಾರಿ ಹೋಗುವುದು. ಗಾಳಿಗೆ ಪರದೆ ತಮಟೆಯ ಹಾಗೆ ಸಣ್ಣಗೆ ನುಡಿಯುತ್ತಿತ್ತು. ರೇಣುಕಯ್ಯ ದಾರಿಯುದ್ದಕ್ಕೂ ಒಂದು ಬೆರಳನ್ನು ಆ ಟ್ಯೂಬಿನ ಪಟ್ಟಿಯ ಮೇಲಿಟ್ಟುಕೊಂಡೇ ಕೂತಿದ್ದ. ಪಾವಗಡದ ಕೋಟೆ ಬೆಟ್ಟ ಕಂಡು ಹಿಂದಕ್ಕೆ ಸರಿಯಿತು. ಅಲ್ಲಿಯವರೆಗೂ ಅವನು ಕೆಮ್ಮಲಿಲ್ಲ. ಇಂದ್ರಮ್ಮ ಅವನ ಬೆನ್ನನ್ನೇ ನೋಡುತ್ತಿದ್ದಳು. ಬೆನ್ನು ಸಣ್ಣಗಾಗಿತ್ತು.

ಗಂಗಲಕ್ಷ್ಮಮ್ಮ ಹೊರಗೆ ಬಂದವಳೇ ಕಾರಿನ ಸುತ್ತ ಒಂದು ಸುತ್ತು ಬಂದಳು. ಪರದೆಯನ್ನು ಮುಟ್ಟಿ ನೋಡಿದಳು. ಆಮೇಲೆ ಬಾಗಿನಕ್ಕೆ ಸೆರಗೊಡ್ಡಿ, "ಏಮ್ರಾ, ಕೊನೆಗೂ ಮಾತು ಉಳಿಸ್ಕೊಂಡೆ" ಅಂದಳು. ತಮ್ಮನ ಮುಖ ನೋಡಿದ ಮೇಲೆ ಅವಳ ದನಿ ಇಳಿಯಿತು. "ಇನ್ಮೇಲೆ ಬಸ್ಸಲ್ಲಿ ತಂದ್ರೂ ಮುಟ್ತೀನಪ್ಪ. ತರ್ತಾ ಇರು."

ರೇಣುಕಯ್ಯ ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಕಡಲೆಕಾಯಿ ಗಿಡ ಕೀಳುವ ದಿನಗಳಲ್ಲಿ, ಒಂದು ಬೆಳಿಗ್ಗೆ ಮಂಚದ ಮೇಲೆ ಕೂತ ಹಾಗೆಯೇ ರೇಣುಕಯ್ಯ ಹೋಗಿಬಿಟ್ಟ. ಅವರ ಪೈಕಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿಯೇ ಒಯ್ದು, ಕೂರಿಸಿಯೇ ಮಣ್ಣು ಮಾಡುತ್ತಾರೆ. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದರು. ಹೊಸಕೋಟೆಯಿಂದ ಗಂಗಲಕ್ಷ್ಮಮ್ಮ ಬಂದಳು. ಮೆರವಣಿಗೆಗೆ ಟ್ರ್ಯಾಕ್ಟರಿಗೆ ಹೇಳಿಯಾಗಿದೆ, ಟ್ರೇಲರಿನಲ್ಲಿ ಕುರ್ಚಿ ಹಾಕಿ ಹೂವು ಕಟ್ಟೋಣ ಅಂತ ನೆಂಟರು ಮಾತಾಡಿಕೊಳ್ಳುತ್ತಿದ್ದರು.

ಇಂದ್ರಮ್ಮ ಆಗ ತಲೆ ಎತ್ತಿದಳು. "ಕೂತ್ಕೊಂಡೇ ಹೋಗೋರು ತಾನೆ? ಕೂರೋ ಜಾಗ ಅವರೇ ಮಾಡ್ಕೊಂಡವ್ರೆ."

ಎಲ್ಲರೂ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನೋರ ಮುಖ ನೋಡಿದರು. ಅವರು, "ತಪ್ಪೇನಿಲ್ಲ ತಾಯಿ" ಅಂದರು. ಗಂಗಲಕ್ಷ್ಮಮ್ಮ ಇಂದ್ರಮ್ಮನ ಕೈ ಹಿಡಿದುಕೊಂಡಳು.

ಗೌರೀಶ್ ಕಾರನ್ನು ಬಾಗಿಲಿಗೆ ತಂದ. ಚೆಂಡುಹೂವಿನ ಸರ ಸುತ್ತಿದರು. ಎಡಗಡೆಯ ಸೀಟಿನಲ್ಲಿ ಕೂರಿಸಿ, ಹಿಂದೆ ಇಬ್ಬರು ಕೂತು ಹೆಗಲು ಹಿಡಿದುಕೊಂಡರು. ಪರ್ವತಯ್ಯ ಹತ್ತಿರ ಬಂದು ಮೆಲ್ಲಗೆ, "ಪರದೆ ತೆಗೀಬೇಕಲ್ಲಕ್ಕ. ಜನ ಮುಖ ನೋಡ್ಬೇಕು" ಅಂದ.

ಬೇರೆಯವರು ಮುಟ್ಟುವ ಮುಂಚೆ ಇಂದ್ರಮ್ಮ ತಾನೇ ಹೋದಳು. ಟಿಚ್ ಬಟನ್ನುಗಳನ್ನು ಒಂದೊಂದಾಗಿ ಬಿಚ್ಚಿದಳು. ಟ್ಯೂಬಿನ ಪಟ್ಟಿ ಒಂದು ತುದಿಯಲ್ಲಿ ಚೂರು ಎದ್ದಿತ್ತು. ಅವನು ಒತ್ತಿದ ಹಾಗೆಯೇ ಹೆಬ್ಬೆರಳಿನಿಂದ ಒತ್ತಿ, ಅಂಟುವವರೆಗೂ ಹಾಗೇ ನಿಂತಳು. ಯಾರೂ ಅವಸರ ಮಾಡಲಿಲ್ಲ. ಚೌಕಟ್ಟನ್ನು ಎತ್ತಿ ಎದೆಗೆ ಅವಚಿಕೊಂಡು ಹಿಂದಕ್ಕೆ ಸರಿದಳು. ಬಯಲಾದ ಪಕ್ಕದಿಂದ ಗಾಳಿ ನುಗ್ಗಿ ಅವನ ಶಲ್ಯದ ಅಂಚನ್ನು ಎತ್ತಿತು.

ಇಂಜಿನ್ ಮಾತಾಡಿತು. ಕಾರು ನಿಧಾನಕ್ಕೆ ಬಾಗಿಲು ಬಿಟ್ಟು ಬೀದಿಗೆ ಇಳಿಯಿತು. ಅಂಗಡಿ ಮುಚ್ಚಿ ಬಂದಿದ್ದ ಪರ್ವತಯ್ಯ ಮುಂದೆ ಮುಂದೆ ನಡೆಯುತ್ತಾ, ಎರಡೂ ಕೈ ಚಾಚಿ ಜನರನ್ನು ಪಕ್ಕಕ್ಕೆ ಸರಿಸುತ್ತಿದ್ದ.

"ದಾರಿ ಬುಡ್ರಪ್ಪ. ರೇಣುಕಯ್ಯನ ಕಾರು ಬತ್ತಾ ಅದೆ."