ಭಾವ ತೇವ ತೋರಿಸಿದ್ದು

ನಮ್ಮ ಭಾವನಿಗೆ ಎರಡು ಸಂಸಾರ. ಒಂದು ನಮ್ಮ ಅಕ್ಕ, ಇನ್ನೊಂದು ಡೀಸೆಲ್ ಲಾರಿ. ಲಾರಿಗೆ ದಿನಾ ಸ್ನಾನ, ಮೈಗೆಲ್ಲ ಪಾಲಿಶ್ಶು. ಅಕ್ಕನಿಗೆ ‘ಊಟ ಆಯ್ತಾ’ ಅನ್ನುವ ಮಾತಿಗೂ ಬರ. ಲಾರಿ ಬಾಡಿಗೆಗೆ ಹೋದದ್ದಕ್ಕಿಂತ ಮನೆ ಮುಂದೆ ನಿಂತು ಗುರುಗುಟ್ಟಿದ್ದೇ ಹೆಚ್ಚು. ಬೆಳಗ್ಗೆ ಎದ್ದವರೇ ಸ್ಟಾರ್ಟ್ ಮಾಡಿ, ಬಾನೆಟ್ಟಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಹೊಗೆಯೆಲ್ಲ ಅಡುಗೆಮನೆಗೆ. ಅಕ್ಕ ಕೆಮ್ಮುತ್ತಾ ಕಿಟಕಿ ಮುಚ್ಚುತ್ತಾಳೆ. ಊರವರು ಅವರನ್ನು ಟಾಪ್ ಗೇರ್ ಅಂತ ಆಡಿಕೊಂಡರೆ, ಇವರು ಅದೊಂದು ಬಿರುದು ಅಂದುಕೊಂಡು ಮೀಸೆ ತಿರುವುತ್ತಾರೆ.

ಲಾರಿ ತೂಗುವ ವೇಬ್ರಿಜ್ ಪಕ್ಕದ ಗ್ಯಾರೇಜಿನಲ್ಲಿ ಸಂಜೆಯಾದರೆ ಇಂಥ ಲಾರಿ ಭಕ್ತರದೊಂದು ಸಭೆ. ಹಳೇ ಟಯರುಗಳೇ ಪೀಠ. ಇಂಜಿನ್ನು, ಗೇರ್ ಬಾಕ್ಸು ಮುಗಿದ ಮೇಲೆ ಮಾತು ಬೇಸಾಯಕ್ಕೆ ಹೊರಳುತ್ತದೆ. ಕುಳಿತವರಿಗೆಲ್ಲ ಹೊಲವುಂಟು, ಗುದ್ದಲಿ ಹಿಡಿದವನು ಒಬ್ಬನೂ ಇಲ್ಲ. ಆ ಸಭೆಯಲ್ಲಿ ಭಾವನಿಗೊಬ್ಬ ಎದುರಾಳಿ, ಅವನಿಗೆ ಕಾಲುವೆ ಪಕ್ಕ ಜಮೀನು. ಅದರ ಜಂಬ ಎಷ್ಟೆಂದರೆ ಅವನ ಹೆಸರೇ ಕಾಲುವೆ ಅಂತ ಆಗಿಹೋಗಿದೆ.

ಒಂದು ಸಂಜೆ ಕಾಲುವೆ ಶುರುಮಾಡಿದನಂತೆ. “ನೀರಾವರಿ ಅಂದ್ರೆ ಟರ್ಬೊ ಇಂಜಿನ್ನು. ಒತ್ತಿದ್ರೆ ಎಳೆಯುತ್ತೆ. ನಿಮ್ಮ ಒಣ ಬೇಸಾಯ ತಳ್ಳಿ ಸ್ಟಾರ್ಟ್ ಮಾಡೋ ಗಾಡಿ.”

“ನಿಂದು ಬರೀ ಕುಡಿಯೋ ಇಂಜಿನ್ನು,” ಅಂದರು ಭಾವ. “ನಮ್ಮದರ ಮೈಲೇಜು ನೋಡು. ಮಳೆಗಾಲದಲ್ಲಿ ಒಂದ್ಸಲ ಟ್ಯಾಂಕ್ ತುಂಬಿದ್ರೆ ಕೊಯ್ಲಿನವರೆಗೂ ಓಡುತ್ತೆ.”

‘ನಮ್ಮದು’ ಅಂದರಲ್ಲ, ಅಲ್ಲೇ ನನ್ನ ಹೊಟ್ಟೆ ಉರಿಯುವುದು. ಆ ಹೊಲ ಮಾಡುವವಳು ಅಕ್ಕ. ಕಪ್ಪು ಮಣ್ಣು, ಕಾಲುವೆಯೂ ಇಲ್ಲ, ಬಾವಿಯೂ ಇಲ್ಲ. ಮಳೆಗಾಲವಿಡೀ ಅವಳು ಏನನ್ನೂ ಬಿತ್ತುವುದಿಲ್ಲ. ಪ್ರತಿ ಮಳೆಯಾದ ಮೇಲೂ ಮೇಲ್ಮಣ್ಣು ಕೆದಕಿ, ಕಳೆ ಕಿತ್ತು, ಬಿದ್ದ ನೀರನ್ನೆಲ್ಲ ಮಣ್ಣಿನ ಹೊಟ್ಟೆಯಲ್ಲೇ ಕಾಪಾಡುತ್ತಾಳೆ. ಮಳೆ ಹೋದ ಮೇಲೆ ಆ ತೇವದಲ್ಲೇ ಕಡಲೆ ಬಿತ್ತಬೇಕು, ಆ ತೇವದಲ್ಲೇ ಕಾಯಿ ಕಟ್ಟಬೇಕು. ತೇವ ಹೋಯಿತೆಂದರೆ ಆ ವರ್ಷದ ಬೆಳೆಯೂ ಹೋಯಿತು. ಅವತ್ತು ಬೆಳಗ್ಗೆ ಮಣ್ಣನ್ನು ಹಿಡಿ ಕಟ್ಟಿ ನೋಡಿ, “ಹದ ಬಂತು ನೋಡೋ. ನಾಳೆ ಬಿತ್ತೋಣ, ನೀನೂ ಬಂದ್ಬಿಡು,” ಅಂದಿದ್ದಳು. ಮುಖ ಅರಳಿತ್ತು.

ಇತ್ತ ಗ್ಯಾರೇಜಿನಲ್ಲಿ ಕಾಲುವೆ ಕೆಣಕಿದ. “ಮೈಲೇಜಂತೆ. ನಿಮ್ಮ ಹೊಲದಲ್ಲಿ ಧೂಳು ಬಿಟ್ರೆ ಇನ್ನೇನಿದೆ?”

“ಧೂಳು ಮೇಲೆ. ಕೆಳಗೆ ತೇವ ತುಂಬಿಕೊಂಡಿದೆ. ಬಾ, ತೋರಿಸ್ತೀನಿ.”

ತೇವ ತೋರಿಸಲು ಒಂದು ಹಿಡಿ ಮಣ್ಣೆತ್ತಿದ್ದರೆ ಸಾಕಿತ್ತು. ಆದರೆ ಕೈಯಿಂದ ಮಣ್ಣು ಮುಟ್ಟಿದರೆ ಇವರ ಮರ್ಯಾದೆ ಏನಾಗಬೇಕು? ಭಾವ ಲಾರಿಯನ್ನೇ ಹೊಲಕ್ಕೆ ಇಳಿಸಿದರು. ಒಂದು ಕಡೆ ತೋರಿಸಿದರೆ ನಂಬುವುದಿಲ್ಲ ಎಂದು ಹೊಲದ ಉದ್ದಗಲಕ್ಕೂ ಸುತ್ತಿಸಿದರು. ಕೊನೆಗೆ ತಗ್ಗಿನ ಮೂಲೆಯಲ್ಲಿ ಲಾರಿ ಹೂತುಕೊಂಡಿತು. ಕಿಟಕಿಯಿಂದ ತಲೆ ಹೊರಹಾಕಿ, “ಆಕ್ಸಲ್‌ವರೆಗೂ ಇಳೀತು ನೋಡಪ್ಪಾ. ಇದು ಒಣ ಹೊಲಾನಾ?” ಎಂದು ಹಿಗ್ಗಿದರು.

“ನಿಮ್ಮ ಟಯರು ಸವೆದಿದೆ, ಅದಕ್ಕೇ,” ಅಂದ ಕಾಲುವೆ, ಎಳೆಯಲು ತನ್ನ ಲಾರಿಯನ್ನೂ ಇಳಿಸಿದ. ಅದೂ ಹೂತಿತು. ಎರಡನ್ನೂ ಎತ್ತಲು ಟ್ರಾಕ್ಟರ್ ಬಂತು. ಉಳಿದಿದ್ದ ಜಾಗವನ್ನು ಅದು ತುಳಿಯಿತು.

ಸದ್ದು ಕೇಳಿ ನಾನು ಓಡಿಹೋದಾಗ ಅಕ್ಕ ಆಗಲೇ ಬದುವಿನ ಮೇಲಿದ್ದಳು. “ನಿಲ್ಲಿಸ್ರೀ, ನಿಲ್ಲಿಸಿ,” ಎಂದು ಕೂಗಿ ಕೂಗಿ ಗಂಟಲು ಕಟ್ಟಿತ್ತು. ಆ ಇಂಜಿನ್ನಿನ ಅಬ್ಬರದಲ್ಲಿ ಯಾರಿಗೆ ಕೇಳಬೇಕು.

ನನಗೆ ನೆತ್ತಿಗೇರಿತು. “ಭಾವ, ತಲೆ ನೆಟ್ಟಗಿದೆಯಾ ನಿಮಗೆ? ನಾಳೆ ಬಿತ್ತನೆ.”

“ಬಿತ್ತಲಿ ಬಿಡೋ. ಚಕ್ರದಲ್ಲೇ ಸಾಲು ಹೊಡೆದು ಕೊಟ್ಟಿದ್ದೀನಲ್ಲ,” ಅಂದುಬಿಟ್ಟರು ಮಹಾನುಭಾವರು.

ಮಾರನೇ ದಿನ ಚಕ್ರ ಹಾಯದ ಅಂಚಿನಲ್ಲಷ್ಟೇ ಬಿತ್ತಲಾಯಿತು. ಉಳಿದ ಕಡೆ ಮಣ್ಣು ಒಂದೋ ಕಲ್ಲಿನಂತೆ ಒತ್ತಿಕೊಂಡಿತ್ತು, ಇಲ್ಲವೇ ಹೆಂಟೆ ಹೆಂಟೆಯಾಗಿ ಮೇಲೆದ್ದು ಬಿಸಿಲಿಗೆ ಒಣಗುತ್ತಿತ್ತು. ಅಕ್ಕನಿಗೆ ಅಳು ತಡೆಯಲಾಗಲಿಲ್ಲ. ತೋಳಿನಿಂದ ಕಣ್ಣೊರೆಸಿಕೊಂಡು ಕಾಳು ಹಾಕಿದಳು. ನನಗಂತೂ ಆ ಲಾರಿಗೆ ಬೆಂಕಿ ಇಡುವಷ್ಟು ಸಿಟ್ಟು.

ಗ್ಯಾರೇಜಿನಲ್ಲಿ ಮಾತ್ರ ಒಣ ಬೇಸಾಯವೇ ಗೆದ್ದಿತು ಎಂದು ತೀರ್ಪಾಯಿತು. ಅವತ್ತು ಬಾರದವರೂ ನೋಡಲಿ ಎಂದು ಭಾವ ಕೆಲವು ದಿನಗಳ ಮೇಲೆ ಇಡೀ ಸಭೆಯನ್ನೇ ಹೊಲಕ್ಕೆ ಕರೆತಂದರು. ಕಾಲುವೆ ಬುದ್ಧಿ ಕಲಿತಿದ್ದ. “ಗಾಡಿ ಬೇಡ, ಈ ಸಲ ಕೈಯಲ್ಲೇ ತೋರಿಸಿ,” ಅಂದ.

ಭಾವ ಪ್ಯಾಂಟು ಮೇಲೆಳೆದುಕೊಂಡು ಕುಕ್ಕರುಗಾಲಲ್ಲಿ ಕುಳಿತು ಚಕ್ರದ ಗುರುತಿಗೆ ಕೈಹಾಕಿದರು. ಒಣ ಹೆಂಟೆ ಬಂತು. ಇನ್ನೊಂದು ಕಡೆ ಕೆದಕಿದರು, ಅಲ್ಲೂ ಅದೇ. ಉಗುರು ಕಿತ್ತುಕೊಂಡಿತೇ ಹೊರತು ತೇವದ ಸುಳಿವಿಲ್ಲ. ಅಂಚಿನಲ್ಲಿ ಕಳೆ ಕೀಳುತ್ತಿದ್ದ ಅಕ್ಕನ ಕಡೆ ತಿರುಗಿ ಭಾವ ಕೇಳಿದರು, “ಏನೇ, ಇಲ್ಲಿದ್ದ ತೇವ ಎಲ್ಲೇ ಹೋಯ್ತು?”

ಅಕ್ಕ ಬಗ್ಗಿದಲ್ಲಿಂದ ಏಳಲಿಲ್ಲ. “ಮೊನ್ನೆ ನಿಮ್ಮ ಗೆಳೆಯರಿಗೆ ತೋರಿಸಿದ್ರಲ್ಲ ರೀ,” ಅಂದಳು, “ಇದ್ದದ್ದು ಅಷ್ಟೇ.”