ಬಿಸಿಲಲ್ಲಿ ನೋಡಿದ ರಬ್ಬರು

ಟಕ್. ಒಂದು ಗಳಿಗೆ ಬಿಟ್ಟು ಮತ್ತೆ ಟಕ್.

ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ರಸ್ತೆಯ ಉಬ್ಬು ಸೈಫುದ್ದೀನನ ಮನೆಗೆ ಇಪ್ಪತ್ತು ಹೆಜ್ಜೆ ದೂರ. ಅದನ್ನು ದಾಟುವ ಗಾಡಿಗಳಿಗೆಲ್ಲ ಅವನು ಚಹಾದ ಬಸಿಯಿಂದ ತಲೆ ಎತ್ತುವವನಲ್ಲ. ಈ ಬಿಳಿ ಕಾರಿಗೆ ಮಾತ್ರ ಹದಿನೈದು ದಿನಗಳಿಂದ ಎತ್ತುತ್ತಿದ್ದ. ಕಾರು ಸಂಪದಾ ಅಕ್ಕೋರದು. ಬಬಲೇಶ್ವರದ ಕಾಲೇಜಿನಲ್ಲಿ ಕಲಿಸುವ ಅವರು ದಿನಾ ಒಂಬತ್ತಕ್ಕೆ ಆ ಉಬ್ಬು ದಾಟುತ್ತಿದ್ದರು. ಸದ್ದು ಎಡಗಡೆಯ ಮುಂದಿನ ಗಾಲಿಯ ಮೇಲಿನದು. ಏಪ್ರಿಲ್‌ನಲ್ಲಿ ಆ ಜಾಗವನ್ನು ಬಿಚ್ಚಿ ಜೋಡಿಸಿದವನು ಅವನೇ. ಕರೆದು ಹೇಳಬೇಕೆಂದು ದಿನಾ ಎದ್ದು ನಿಲ್ಲುತ್ತಿದ್ದ. ಕಾರು ಹೋದ ಮೇಲೆ ಮತ್ತೆ ಕೂರುತ್ತಿದ್ದ.

ಹದಿನಾಲ್ಕನೇ ವಯಸ್ಸಿಗೆ ವಿಜಯಪುರದ ಗ್ಯಾರೇಜೊಂದರಲ್ಲಿ ನಟ್ಟು ಬಿಚ್ಚುವ ಪಾನಾ ಒರೆಸಿಕೊಡುತ್ತ ಕೆಲಸ ಹಿಡಿದವನು ಅವನು. ಮನೆಯ ಪಕ್ಕದಲ್ಲೇ ಸ್ವಂತ ಶೆಡ್ ಹಾಕಿ ಇಪ್ಪತ್ತು ವರ್ಷ ಆಯಿತು. ಶೆಡ್ಡಿಗೆ ಬೋರ್ಡಿಲ್ಲ. ಸೈಫು ಮಾಡಿದ ಕೆಲಸ ಮತ್ತೆ ರಿಪೇರಿಗೆ ಹೊಳ್ಳಿ ಬರುವುದಿಲ್ಲ ಎಂಬ ಊರವರ ಮಾತೇ ಅವನ ಬೋರ್ಡು. ಬಲಗೈ ಹೆಬ್ಬೆರಳಿನ ಉಗುರನ್ನು ಅವನು ತುಸು ಬೆಳೆಸಿರುತ್ತಾನೆ. ರಬ್ಬರಿಗೆ ಅದನ್ನು ಒತ್ತಿ ನೋಡುತ್ತಾನೆ. ಬಿದ್ದ ಗೆರೆ ತಾನಾಗಿ ಅಳಿಸಿಹೋದರೆ ರಬ್ಬರಿನಲ್ಲಿ ಇನ್ನೂ ಜೀವ ಇದೆ ಎಂದು ಅವನ ಲೆಕ್ಕ.

ಡಿಸೆಂಬರಿನ ಆ ಭಾನುವಾರ ಕಾರು ತಾನೇ ಶೆಡ್ಡಿಗೆ ಬಂತು. ಅಕ್ಕೋರನ್ನು ಪಕ್ಕಕ್ಕೆ ಕೂರಿಸಿ ಓಡಿಸಿಕೊಂಡು ಬಂದವರು ಅವರ ಗಂಡ, ಬ್ಯಾಂಕಿನ ನಂದಕಿಶೋರ. ಇಳಿದವರೇ ಕೀಲಿಯನ್ನು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು.

"ನೋಡ್ರಿ ಮಿಸ್ತ್ರಿ, ಹಂಪ್ ಬಂದ್ರ ಈಕಿಗೆ ಬ್ರೇಕ್ ಅನ್ನೂದ ನೆನಪಾಗೂದಿಲ್ಲ. ಹೊಸಾ ಶಾಕಾಬ್ಸರ್ ಹಾಕಿ ಎಂಟ ತಿಂಗಳಿಗೆ ಮುರದಾಳ. ನಾಳಿಂದ ಬಸ್ಸಿಗೆ ಹೋಗು ಅಂದೇನಿ."

"ಬಸ್ ಬರೂತನಕ ನನ್ನ ಮೊದಲನೇ ಪಿರಿಯಡ್ ನೀವ ತಗೋತೀರೇನ್ರಿ?" ಎಂದರು ಸಂಪದಾ.

ತನ್ನ ಜೀಪಿನ ಸರದಿ ಕಾಯುತ್ತ ಹಳೆಯ ಟೈರಿನ ಮೇಲೆ ಕೂತಿದ್ದ ಅರಕೇರಿಯ ಗುರಣ್ಣ ನಕ್ಕ. "ಭಾಳ ಛಲೋ ಕೇಳಿದ್ರಿ ಅಕ್ಕೋರ!"

ಸೈಫುದ್ದೀನ ನಗಲಿಲ್ಲ. ಬಾನೆಟ್ ಎತ್ತಿ, ಮೌಂಟಿಂಗಿನ ಮೇಲೆ ಕೈಯಿಟ್ಟು, ಕೀಲಿ ಹಾಕಿ ಸ್ಟಿಯರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಲು ನಂದಕಿಶೋರರಿಗೆ ಹೇಳಿದ. ಶಾಕಾಬ್ಸರಿನ ತಲೆ ಕಾರಿನ ಮೈಗೆ ಕೂರುವ ಜಾಗದಲ್ಲಿರುವ ರಬ್ಬರಿನ ಗಾದಿಯೇ ಮೌಂಟಿಂಗು. ಅದು ಬಿಗಿದು ನಿಂತು, ಆಮೇಲೆ ಒಮ್ಮೆಲೇ ಜಿಗಿಯಿತು.

"ಇಲ್ಲಿ ಕೈ ಇಡ್ರಿ ಅಕ್ಕೋರ."

"ಅಯ್ಯ, ಟಕ್ ಅನ್ನೂದು ಇಲ್ಲೇ ಐತಲ್ರಿ!"

ಕೀಲಿ ಮತ್ತೆ ಕಿಸೆ ಸೇರಿತು. ಜಾಕ್ ಏರಿತು, ಗಾಲಿ ಇಳಿಯಿತು. ಕೆಳಗಿನ ಎರಡು ಬೋಲ್ಟು, ಮೇಲಿನ ಮೂರು ನಟ್ಟು ಬಿಚ್ಚಿ ಇಡೀ ಶಾಕಾಬ್ಸರನ್ನು ಹೊರಗೆಳೆದ. ಸ್ಪ್ರಿಂಗನ್ನು ಎರಡು ಕ್ಲ್ಯಾಂಪಿನಲ್ಲಿ ಹಿಡಿದು ಕುಗ್ಗಿಸಿದ ಮೇಲೆಯೇ ನಡುವಿನ ನಟ್ಟಿಗೆ ಪಾನಾ ಹಾಕಿದ. ಅವಸರ ಮಾಡಿದರೆ ಸ್ಪ್ರಿಂಗು ಮುಖಕ್ಕೆ ಹಾರುತ್ತದೆ.

ಮೌಂಟಿಂಗು ಎರಡಾಗಿ ಅಂಗೈಗೆ ಬಂತು. ರಬ್ಬರು ಕಬ್ಬಿಣದ ತಟ್ಟೆಯಿಂದ ಕಿತ್ತುಹೋಗಿತ್ತು. ಸೀಳಿನ ಒಳಗೆ ಧೂಳು ಗಟ್ಟಿಯಾಗಿ ಮೆತ್ತಿಕೊಂಡು ಕಪ್ಪಾಗಿತ್ತು. ಇದು ಹದಿನೈದು ದಿನದ ಸೀಳಲ್ಲ. ಏಪ್ರಿಲ್‌ನ ಆ ಮಧ್ಯಾಹ್ನ ಬಾನೆಟ್ಟು ಮುಟ್ಟಲಾಗದಷ್ಟು ಕಾದಿತ್ತು. ಉಗುರಿನ ಗೆರೆ ಕೂಡಲೇ ಅಳಿಸಿತ್ತು. ಅಂಥ ಬಿಸಿಲಿನಲ್ಲಿ ಸತ್ತ ರಬ್ಬರೂ ಮೆತ್ತಗಿರುತ್ತದೆ. ಅವನು ಅದನ್ನು ಮಗುಚಿ ನೋಡಿರಲಿಲ್ಲ.

"ಹಂಪ್ ಹಾರಿಸಿದ್ದಕ್ಕ ಹರದೈತಿ, ಹೌದಲ್ರಿ?" ನಂದಕಿಶೋರ ಕೇಳಿದರು.

ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು. ಇಪ್ಪತ್ತು ವರ್ಷದ ಹೆಸರು ಇದ್ದಲ್ಲೇ ಇರುತ್ತಿತ್ತು, ಕೀಲಿಯೂ ಆ ಕಿಸೆಯಲ್ಲೇ ಇರುತ್ತಿತ್ತು. ಸಂಪದಾ ಬೆರಳಿಗೆ ಹತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತ ನೆಲ ನೋಡುತ್ತಿದ್ದರು. ಗುರಣ್ಣ ಮುಂದಕ್ಕೆ ಬಾಗಿದ್ದ.

"ಇಲ್ಲರಿ ಸಾಹೇಬ್ರ. ಇದು ಏಪ್ರಿಲ್‌ದಾಗನ ಹರದಿತ್ತು. ಬಿಸಲಾಗ ನೋಡಿ, ಛಲೋ ಐತಿ ಅಂತ ಹೊಸಾ ಶಾಕಾಬ್ಸರಿನ ಮ್ಯಾಲ ನಾನ ಈ ಹಳೇ ರಬ್ಬರನ ಕೂಡ್ರಿಸಿದೆ. ಅಕ್ಕೋರದೇನೂ ಇಲ್ಲ. ತಪ್ಪ ನಂದು."

"ಲೇ ಸೈಫು, ನಿನ್ನ ಕೆಲಸಾನೂ ಹೊಳ್ಳಿ ಬಂತೇನೋ!"

"ಬಂತಪಾ. ನಿನ್ನ ಜೀಪಿನ್ಯಾಗೂ ಏನರೆ ಬಿಟ್ಟಿರತೇನಿ, ನೋಡ್ಕೋ."

ಗುರಣ್ಣ ನಿಜವಾಗಿಯೂ ಎದ್ದು ಹೋಗಿ ಜೀಪಿನ ಕೆಳಗೆ ಬಗ್ಗಿ ನೋಡಿದ.

"ಹಂಗಾರ ಇಷ್ಟ ದಿನಾ ನಾ ಸುಮ್ಮನ..." ಎಂದು ನಂದಕಿಶೋರ ತಡವರಿಸಿದರು.

"ಬೈದ್ರಿ," ಎಂದು ಸಂಪದಾ ಮುಗಿಸಿಕೊಟ್ಟರು.

ಸೈಫುದ್ದೀನ ಹಲಗೆಯ ಮೇಲಿಂದ ಹೊಸ ಮೌಂಟಿಂಗಿನ ಜೋಡಿ ಇಳಿಸಿದ. ಒಂದು ವಾರದ ಹಿಂದೆಯೇ ವಿಜಯಪುರದಿಂದ ತಂದಿಟ್ಟಿದ್ದ. ನೆರಳಿನಲ್ಲಿ ಕೂತು ಎರಡನ್ನೂ ಉಗುರಿನಿಂದ ಒತ್ತಿ, ಮಗುಚಿ, ಬೆಳಕಿಗೆ ಹಿಡಿದು ನೋಡಿದ. ಬಲಗಡೆಯದನ್ನೂ ಬಿಚ್ಚಿ, ಎರಡೂ ಕಡೆ ಹೊಸದು ಕೂರಿಸಿ ಗಾಲಿ ಏರಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಗಿತ್ತು.

ಕೆಲಸ ಮುಗಿದ ಗಾಡಿಯನ್ನು ಯಾವಾಗಲೂ ಅವನೇ ಓಡಿಸಿ ನೋಡುತ್ತಿದ್ದ. ನಂದಕಿಶೋರ ಕಿಸೆಯಿಂದ ಕೀಲಿ ತೆಗೆದು ಅವನ ಮುಂದೆ ಹಿಡಿದರು.

"ನನಗಲ್ರಿ. ಅಕ್ಕೋರಿಗೆ ಕೊಡ್ರಿ."

ಅವರು ಕೊಟ್ಟರು. ಸಂಪದಾ ಸೀಟು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡರು. ಸೈಫುದ್ದೀನ ಕೈ ಒರೆಸುವ ಅರಿವೆಯನ್ನು ಹೆಗಲಿಗೆ ಹಾಕಿಕೊಂಡು ರಸ್ತೆಯ ಕಡೆಗೆ ನಡೆದ.

"ದಿನಾ ಹೆಂಗ ಹೊಡೀತೀರಿ ಹಂಗ ಬರ್ರಿ ಅಕ್ಕೋರ," ಎಂದ, ತಿರುಗದೆಯೇ. "ನಾ ಹಂಪಿನ ಹಂತೇಕ ನಿಂತ ಕೇಳ್ತೇನಿ. ಮತ್ತ ಟಕ್ ಅಂತಂದ್ರ ಗುರಣ್ಣನ ಮುಂದನ ಬಿಚ್ಚಿ, ಇನ್ನೊಮ್ಮೆ ಮೊದಲಿಂದ ಕೂಡ್ರಸ್ತೇನಿ."