ಸರ್ಪಸುತ್ತು ಮತ್ತು ನನ್ನ ಸುಳ್ಳು

ಬೆನ್ನಿನಿಂದ ಎದೆಯವರೆಗೆ ಸರ್ಪಸುತ್ತಿನ ಗುಳ್ಳೆಗಳೆದ್ದು, ಕುಪ್ಪಸ ತಾಗಿದರೂ ಉರಿಯುತ್ತಿತ್ತು. ಎರಡು ದಿನ ಕೆಮ್ಮಣ್ಣು ಹಚ್ಚಿದ ಅತ್ತೆ, ಮೂರನೆಯ ದಿನ ತಾವೇ ನನ್ನನ್ನು ರಬಕವಿಯಿಂದ ಜಮಖಂಡಿಯ ಡಾಕ್ಟರರ ಬಳಿ ಕರೆದೊಯ್ದರು.

"ಬ್ಯಾರೆ ಏನರ ಗುಳಿಗಿ ತಗೋತೀರೇನ್ರಿ?" ಡಾಕ್ಟರು ಕೇಳಿದರು.

ಆರು ವರ್ಷಗಳಿಂದ ಎಚ್‌ಐವಿಗೆ ದಿನವೂ ಗುಳಿಗೆ ನುಂಗುತ್ತಿದ್ದೆ. ಮನೆಯಲ್ಲಿ ಅದು ಗೊತ್ತಿದ್ದುದು ಗಂಡನಿಗೆ ಮಾತ್ರ. ಅತ್ತೆ ಪಕ್ಕದಲ್ಲೇ ಕುಳಿತಿದ್ದರು.

"ಇಲ್ರಿ," ಎಂದೆ.

ಬಸ್ ಸ್ಟ್ಯಾಂಡಿಗೆ ಬಂದ ಮೇಲೆ, ನಿಜ ಮುಚ್ಚಿಟ್ಟಿದ್ದಕ್ಕೆ ಔಷಧಿ ಹೆಚ್ಚುಕಮ್ಮಿಯಾದೀತೆಂಬ ಹೆದರಿಕೆ ಹೆಚ್ಚಾಯಿತು. ಚೀಟಿ ಮರೆತೆನೆಂದು ಹೇಳಿ, ಅತ್ತೆಯನ್ನು ಅಲ್ಲೇ ಕೂರಿಸಿ, ಒಬ್ಬಳೇ ಹಿಂದಿರುಗಿ ಡಾಕ್ಟರಿಗೆ ನಿಜ ಹೇಳಿದೆ.

"ಹೇಳಿದ್ದು ಛಲೋ ಆತ್ರಿ," ಎಂದರು ಅವರು. "ಈಗ ನಾ ಬರದಕೊಟ್ಟ ಗುಳಿಗಿ ಏಳು ದಿನಕ್ಕ ನಿಲ್ಲಸಬ್ಯಾಡ್ರಿ, ಗುಳ್ಳಿ ಒಣಗೂತನಕ ತಗೋರಿ. ಪೂರ್ತಿ ಆರಾಮಾದ ಮ್ಯಾಲ ಎರಡು ಸಲ ಬಂದು ಲಸಿಕಿ ಹಾಕಿಸ್ಕೋರಿ. ಮತ್ತ ಬರೂದು ಕಮ್ಮಿ ಆಕ್ಕೈತಿ."

"ಯಾಕವ್ವಾ ಇಷ್ಟೊತ್ತು?" ಬಸ್ ಸ್ಟ್ಯಾಂಡಿಗೆ ಮರಳಿದಾಗ ಅತ್ತೆ ಕೇಳಿದರು.

"ಗದ್ದಲ ಇತ್ರಿ."

ಮೂರು ವಾರಕ್ಕೆ ಗುಳ್ಳೆಗಳು ಒಣಗಿದವು. ಲಸಿಕೆಗೆ ಹೋಗುವುದು ಮಾತ್ರ ಉಳಿದಿದೆ. "ಇನ್ನ ದವಾಖಾನಿಗೆ ನಿನ್ನ ಒಬ್ಬಾಕಿನ್ನ ಕಳಸೂದಿಲ್ಲ, ನಾನೂ ಬರ್ತೀನಿ," ಎನ್ನುತ್ತಾರೆ ಅತ್ತೆ. ಡಾಕ್ಟರು ಅವರೆದುರೇ ಆ ಗುಳಿಗೆಯ ಮಾತೆತ್ತಿಬಿಟ್ಟರೆ? ಆ ಅಕ್ಕರೆಗೆ ಏನು ಸುಳ್ಳು ಹೇಳಬೇಕೋ ನನಗಿನ್ನೂ ಹೊಳೆದಿಲ್ಲ.